ಅಂಗಡಿಯಲ್ಲಿ ಹಣ್ಣು, ಮನೆಯಲ್ಲಿ ವೆನಿಲಾ: ಒಂದೇ ಪರ್ಫ್ಯೂಮ್‌ನ ಘಮ ಬದಲಾಗುವುದೇಕೆ?

ಮಾಲ್‌ನಲ್ಲಿ ಮೂಸಿದಾಗ ತಾಜಾ ಹಣ್ಣಿನಂತಿದ್ದ ಪರ್ಫ್ಯೂಮ್, ಮನೆ ತಲುಪುವಷ್ಟರಲ್ಲಿ ಹೂವಿನಂತಾಗಿ, ರಾತ್ರಿ ಹೊತ್ತಿಗೆ ಮಿಠಾಯಿ ಅಂಗಡಿಯನ್ನು ನೆನಪಿಸಿದೆಯೇ? ಬಾಟಲಿಯಲ್ಲಿ ದೋಷವೇನೂ ಇಲ್ಲ. ಅದನ್ನು ರೂಪಿಸಿರುವುದೇ ಹಾಗೆ. ಸಾವಿರಾರು ರೂಪಾಯಿ ಕೊಡುವ ಮುನ್ನ ಈ ಲೆಕ್ಕಾಚಾರ ತಿಳಿದಿರುವುದು ಒಳ್ಳೆಯದು.

ಇದಕ್ಕೆ ಉತ್ತಮ ಉದಾಹರಣೆ, ಫ್ರಾನ್ಸ್‌ನ ಲ್ಯಾಂಕೋಮ್ ಕಂಪನಿ 2012ರಲ್ಲಿ ಬಿಡುಗಡೆ ಮಾಡಿದ ‘ಲಾ ವಿ ಎ ಬೆಲ್’. ಹೆಸರಿನ ಅರ್ಥ ‘ಬದುಕು ಸುಂದರ’. ಒಲಿವಿಯೆ ಪೋಲ್ಜ್, ಡೊಮಿನಿಕ್ ರೋಪಿಯೋ ಮತ್ತು ಆನ್ ಫ್ಲಿಪೊ ಎಂಬ ಮೂವರು ಪರಿಣತರು ರೂಪಿಸಿದ ಈ ಸುಗಂಧದಲ್ಲಿ ಹಣ್ಣು, ಹೂವು, ಸಿಹಿ ಮೂರೂ ಇವೆ. ಆದರೆ ಮೂರೂ ಒಟ್ಟಿಗೆ ಮೂಗಿಗೆ ಬಡಿಯುವುದಿಲ್ಲ.

ಕಾರಣ ಸರಳ. ಪರ್ಫ್ಯೂಮ್ ಎಂದರೆ ಆಲ್ಕೋಹಾಲ್‌ನಲ್ಲಿ ಕರಗಿಸಿದ ಹಲವು ಸುಗಂಧ ದ್ರವ್ಯಗಳ ಮಿಶ್ರಣ. ಇವುಗಳಲ್ಲಿ ಹಗುರವಾದ ಅಣುಗಳು ಬೇಗ ಆವಿಯಾಗುತ್ತವೆ, ಭಾರವಾದವು ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುತ್ತವೆ.

ಮೊದಲ ಹಂತ: ಹಣ್ಣು

ಸಿಂಪಡಿಸಿದ ತಕ್ಷಣ ಬರುವುದು ಬ್ಲ್ಯಾಕ್‌ಕರಂಟ್ ಮತ್ತು ಪಿಯರ್ (ಮರಸೇಬು) ಘಮ. ಇದನ್ನು ‘ಟಾಪ್ ನೋಟ್’ ಎನ್ನುತ್ತಾರೆ. ಪಿಯರ್ ಹಣ್ಣನ್ನು ಹಿಂಡಿ ಪರ್ಫ್ಯೂಮ್‌ಗೆ ಬೇಕಾದ ಎಣ್ಣೆ ತೆಗೆಯಲಾಗದು. ಹೀಗಾಗಿ ಆ ಪರಿಮಳವನ್ನು ಪ್ರಯೋಗಾಲಯದಲ್ಲೇ ಕಟ್ಟುತ್ತಾರೆ. ಇದರ ಆಯಸ್ಸು ಹೆಚ್ಚೆಂದರೆ ಕಾಲು ಗಂಟೆಯಿಂದ ಅರ್ಧ ಗಂಟೆ. ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಇದೇ!

ಎರಡನೇ ಹಂತ: ಹೂವು

ಹಣ್ಣಿನ ಘಮ ಇಳಿದ ಮೇಲೆ ಐರಿಸ್, ಮಲ್ಲಿಗೆ ಮತ್ತು ಕಿತ್ತಳೆ ಹೂವು ಮುಂದೆ ಬರುತ್ತವೆ. ಇದು ‘ಹಾರ್ಟ್ ನೋಟ್’. ಕೆಲವು ಗಂಟೆ ಉಳಿಯುತ್ತದೆ. ಸ್ವಾರಸ್ಯವೆಂದರೆ, ಐರಿಸ್ ಪರಿಮಳ ಸಿಗುವುದು ಹೂವಿನಿಂದಲ್ಲ, ಗಡ್ಡೆಯಿಂದ. ಗಡ್ಡೆಯನ್ನು ಒಣಗಿಸಿ ವರ್ಷಗಟ್ಟಲೆ ಇಟ್ಟ ಬಳಿಕವೇ ಅದರಲ್ಲಿ ಮುಖಕ್ಕೆ ಹಚ್ಚುವ ಪೌಡರ್‌ನಂಥ ನವಿರಾದ ಘಮ ಹುಟ್ಟುತ್ತದೆ. ಆದ್ದರಿಂದಲೇ ಅದು ದುಬಾರಿ. ಇನ್ನು ಮಲ್ಲಿಗೆ ನಮಗೆ ಹೊಸದೇನಲ್ಲ. ತಮಿಳುನಾಡಿನಲ್ಲಿ ತೆಗೆದ ಮಲ್ಲಿಗೆ ಸಾರ ಫ್ರಾನ್ಸ್‌ನ ಸುಗಂಧ ಉದ್ಯಮಕ್ಕೂ ರಫ್ತಾಗುತ್ತದೆ.

ಕೊನೆಯ ಹಂತ: ಸಿಹಿ

ಕೊನೆಗೆ ಉಳಿಯುವುದು ‘ಬೇಸ್ ನೋಟ್’: ವೆನಿಲಾ, ಟೋಂಕಾ ಬೀಜ, ಪ್ರಲೀನ್ ಮತ್ತು ಪಚೌಲಿ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿಯಂಥ ಬೀಜಗಳ ಮಿಠಾಯಿಯೇ ಪ್ರಲೀನ್, ನಮ್ಮ ಚಿಕ್ಕಿಯ ದೂರದ ನೆಂಟ. ಪಚೌಲಿ ಎಂದರೆ ಹೂಮಾಲೆಗೆ ಸೇರಿಸುವ ನಮ್ಮ ಪಚ್ಚೆತೆನೆ. ಅದರ ಮಣ್ಣಿನಂಥ ಗಂಧ ಇಲ್ಲದಿದ್ದರೆ ಇಷ್ಟೊಂದು ಸಿಹಿ ವಾಕರಿಕೆ ತರಿಸುತ್ತಿತ್ತು. ಈ ಹಂತ ದಿನವಿಡೀ ಇರಬಹುದು, ಬಟ್ಟೆಯ ಮೇಲಾದರೆ ಮರುದಿನವೂ. ಅಂದರೆ ನೀವು ಹಣ ಕೊಡುವುದು ಹಣ್ಣಿಗೆ ಮರುಳಾಗಿ, ಹೆಚ್ಚು ಹೊತ್ತು ಬಾಳುವುದು ವೆನಿಲಾ ಜತೆ!

ಖರೀದಿಗೆ ಮುನ್ನ ಏನು ಮಾಡಬೇಕು?

* ಕಾಗದದ ಪಟ್ಟಿಯಲ್ಲಿ ಮೂಸಿ ನಿರ್ಧರಿಸಬೇಡಿ. ಮಣಿಕಟ್ಟಿಗೆ ಒಮ್ಮೆ ಸಿಂಪಡಿಸಿಕೊಂಡು ಹೊರಬನ್ನಿ. ಮೂರ್ನಾಲ್ಕು ಗಂಟೆ ಬಿಟ್ಟು ಮತ್ತೆ ಮೂಸಿ. ಆಗಲೂ ಇಷ್ಟವಾದರೆ ಮಾತ್ರ ಖರೀದಿಸಿ.

* ಒಂದೇ ದಿನ ಎರಡು ಮೂರಕ್ಕಿಂತ ಹೆಚ್ಚು ಪರೀಕ್ಷಿಸಬೇಡಿ. ಮೂಗು ದಣಿದು ವ್ಯತ್ಯಾಸವೇ ತಿಳಿಯದು.

* ಬಿಸಿಲಿಗೆ ಸುಗಂಧ ಬೇಗ ಆವಿಯಾಗುತ್ತದೆ. ಚೆನ್ನೈ ಸೆಕೆಯಲ್ಲಿ ಸಿಹಿ ಘಮ ಇನ್ನಷ್ಟು ಗಾಢ ಎನಿಸಬಹುದು. ದಿಲ್ಲಿ ಚಳಿಗೆ ಚರ್ಮ ಒಣಗಿದ್ದರೆ ಮೊದಲು ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಘಮ ಹೆಚ್ಚು ಹೊತ್ತು ನಿಲ್ಲುತ್ತದೆ.

* ಸ್ವಲ್ಪ ಹೊತ್ತಿನ ಬಳಿಕ ನಿಮಗೆ ಘಮ ತಿಳಿಯದಿದ್ದರೆ ಅದು ಹೋಗಿದೆ ಎಂದರ್ಥವಲ್ಲ, ನಿಮ್ಮ ಮೂಗು ಒಗ್ಗಿಕೊಂಡಿದೆ ಅಷ್ಟೆ. ಮತ್ತೆ ಮತ್ತೆ ಸಿಂಪಡಿಸಿಕೊಂಡರೆ ಕಷ್ಟವಾಗುವುದು ಮುಂಬೈ ಲೋಕಲ್‌ನಲ್ಲಿ ಪಕ್ಕ ನಿಂತವರಿಗೆ.