ಕಡಲೇಕಾಯಿ ಬೆಳೆದವರು ಕೊಟ್ಟ ಕಾಸು



ಒಂದು ಕಾಯಿಗೆ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಮಡಕಶಿರಾ ಕಡೆ ಕಡ್ಲೆಕಾಯಿ, ರಾಯದುರ್ಗ ದಾಟಿ ಬಳ್ಳಾರಿಯತ್ತ ಹೋದರೆ ಶೇಂಗಾ, ಪಕ್ಕದ ಮನೆಯ ತೆಲುಗಿನವರಿಗೆ ಬುಡ್ಡಲು, ಅವರ ಮಕ್ಕಳ ಪಾಠಪುಸ್ತಕದಲ್ಲಿ ವೇರುಶನಗ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಎರಡಾದರೂ ಈ ಕಾಯಿಯ ನಂಟು ಹರಿದಿಲ್ಲ. ಹಸುಗೂಸು ಕೂತು ಆಡುವುದೇ ಕಾಯಿ ಬಿಡಿಸುವ ಅಜ್ಜಿಯ ಪಕ್ಕದಲ್ಲಿ. ಅಂಥ ನಮಗೆ, ಒಂದು ಕಡಲೇಬೀಜ ತಿಂದು ಮಗುವಿನ ಪ್ರಾಣವೇ ಹೋಯಿತು ಎಂದು ಯಾರಾದರೂ ಹೇಳಿದರೆ ಕಟ್ಟುಕತೆ ಎನಿಸುತ್ತದೆ. ಆದರೆ ಅದು ಕತೆಯಲ್ಲ.

ಇಂಗ್ಲೆಂಡಿನಲ್ಲಿ ಡೇವಿಡ್ ರೀಡಿಂಗ್ ಎಂಬವರ ಹದಿನೇಳು ವರ್ಷದ ಮಗಳು 1993ರಲ್ಲಿ ಒಂದು ಸಿಹಿತಿಂಡಿ ತಿಂದು ತೀರಿಕೊಂಡಳು. ಅದರಲ್ಲಿ ಕಡಲೇಕಾಯಿ ಇದ್ದದ್ದು ಅವಳಿಗೆ ಗೊತ್ತಿರಲಿಲ್ಲ. ಮರುವರ್ಷವೇ ತಂದೆ ಇಂಥ ಮನೆಗಳನ್ನೆಲ್ಲ ಕೂಡಿಸಿ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 1991ರಲ್ಲೇ ಆನ್ ಮುನ್ಯೋಸ್ ಫರ್ಲಾಂಗ್ ಎಂಬ ತಾಯಿ, ಹಾಲು ಮೊಟ್ಟೆ ಒಗ್ಗದ ತನ್ನ ಮಗುವಿನ ಸಲುವಾಗಿ ಇಂಥದೇ ಕೆಲಸ ಆರಂಭಿಸಿದ್ದರು.

ಈ ಒಗ್ಗದಿರುವುದು ಎಂದರೇನು? ನಾವು ‘ನಂಜು’ ಎನ್ನುತ್ತೇವೆ, ತೆಲುಗಿನವರು ‘ಪಡದು’ ಎನ್ನುತ್ತಾರೆ. ಎರಡೂ ಮಾತಿನೊಳಗೆ ಹತ್ತು ಬಗೆಯ ತೊಂದರೆಗಳನ್ನು ತುಂಬಿಬಿಟ್ಟಿದ್ದೇವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಜೀರ್ಣದ ತೊಂದರೆ. ಬೂಷ್ಟು ಹಿಡಿದ ಕಾಯಿಯಲ್ಲಿರುವ ಅಫ್ಲಾಟಾಕ್ಸಿನ್ ನಿಜವಾದ ವಿಷ, ಯಾರು ತಿಂದರೂ ಕೇಡೇ. ಅಲರ್ಜಿ ಬೇರೆ. ಇಲ್ಲಿ ಆಹಾರದಲ್ಲಿ ತಪ್ಪಿಲ್ಲ, ಮೈಯ ಕಾವಲುಗಾರನದೇ ತಪ್ಪು. ನೆಂಟನನ್ನು ಕಳ್ಳನೆಂದು ತಿಳಿದು ದೊಣ್ಣೆ ಎತ್ತಿದ ಹಾಗೆ, ಆಹಾರದ ಪ್ರೋಟೀನನ್ನು ಶತ್ರುವೆಂದು ಬಗೆದು ರಕ್ತದಲ್ಲಿ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಮುಂದಿನ ಸಲ ಅದೇ ಆಹಾರ ಒಳಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಮೈಮೇಲೆ ದದ್ದು, ತುಟಿ ಊತ, ವಾಂತಿ. ಜೋರಾದರೆ ಉಸಿರು ಕಟ್ಟುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ.

ಬದನೆಕಾಯಿ ನಂಜು ಎಂದು ಎಷ್ಟು ಮನೆಯಲ್ಲಿ ಬಿಟ್ಟಿದ್ದಾರೋ! ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳೂ ವೈದ್ಯರೂ ಸೇರಿ 741 ಜನರನ್ನು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಬದನೆಯಿಂದ ತೊಂದರೆ ಎಂದವರು ನೂರಕ್ಕೆ ಒಂಬತ್ತು ಮಂದಿ. ಪರೀಕ್ಷೆಯಲ್ಲಿ ಐಜಿಇ ಅಲರ್ಜಿ ಖಚಿತವಾದವರು ನೂರಕ್ಕೆ ಒಬ್ಬರೂ ಇಲ್ಲ. ಆಮೇಲೆ ಮೈಸೂರಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ ವಯಸ್ಕರ ನಡುವೆ ದೊಡ್ಡ ಸಮೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಯಾವುದೋ ಒಂದು ಆಹಾರಕ್ಕೆ ರಕ್ತದಲ್ಲಿ ಐಜಿಇ ಇದ್ದವರು ಶೇಕಡಾ 26.5, ಅಲರ್ಜಿ ಇರಬಹುದೆಂದು ತೋರಿದವರು ಶೇಕಡಾ 1.2 ಮಾತ್ರ. ರಕ್ತಪರೀಕ್ಷೆಯ ಒಂದು ಚೀಟಿ ಹಿಡಿದು ಮಗುವಿಗೆ ಹಾಲು, ಬೇಳೆ, ಕಡಲೇಕಾಯಿ ಎಲ್ಲ ಬಿಡಿಸುವವರು ಈ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಬೇಕು.

ಈಗ ಕಾಸಿನ ವಿಷಯಕ್ಕೆ ಬರೋಣ. ಔಷಧ ಕಂಪನಿ ಮಾರಿ ಲಾಭ ಪಡೆಯುವ ವಸ್ತುವಿಗಾಗಿ ಸಂಶೋಧನೆ ಮಾಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಕಡಲೇಕಾಯಿಯನ್ನೇ ಮದ್ದಾಗಿ ಬಳಸಬಹುದೇ ಎಂಬ ಪ್ರಶ್ನೆಗೆ ಯಾವ ಕಂಪನಿ ದುಡ್ಡು ಕೊಟ್ಟೀತು? ಇಂಥ ಕಡೆಯೇ ಸಂತ್ರಸ್ತ ಮನೆಗಳು ಎತ್ತಿದ ಚಂದಾ ಕೆಲಸಕ್ಕೆ ಬಂದದ್ದು. 2016ರಲ್ಲಿ ಎಳ್ಳಿನ ಅಲರ್ಜಿಯಿಂದ ಮಗಳು ನತಾಶಾಳನ್ನು ಕಳೆದುಕೊಂಡ ಇಂಗ್ಲೆಂಡಿನ ತಂದೆತಾಯಿ 2019ರಲ್ಲಿ ಅವಳ ಹೆಸರಿನಲ್ಲಿ ಸಂಶೋಧನಾ ನಿಧಿ ಸ್ಥಾಪಿಸಿದರು. ದಿನಬಳಕೆಯ ಕಡಲೇಕಾಯಿ ಮತ್ತು ಹಾಲನ್ನೇ ಕಣಕಣವಾಗಿ ಹೆಚ್ಚಿಸುತ್ತ ಮಕ್ಕಳ ಮೈ ಒಗ್ಗಿಸುವ ಪ್ರಯೋಗಕ್ಕೆ ಆ ನಿಧಿ ಹಣ ಒದಗಿಸಿತು. ಇದು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ನಡೆಯುವ ಕೆಲಸ. ಮನೆಯಲ್ಲಿ ಖಂಡಿತ ಬೇಡ.

ನನಗೆ ಇದಕ್ಕಿಂತ ಹಿಡಿಸಿದ್ದು ಅಮೆರಿಕದ ಕಡಲೇಕಾಯಿ ರೈತರ ನಡೆ. ಅಲ್ಲಿ ಬೆಳೆ ಮಾರಿದಾಗ ಒಂದು ಸಣ್ಣ ಪಾಲು ರೈತರದೇ ಮಂಡಳಿಗೆ ಸೇರುತ್ತದೆ. ತಮ್ಮ ಬೆಳೆಗೆ ಕೆಟ್ಟ ಹೆಸರು ಬಂದಾಗ ಅವರು ಅದನ್ನು ಮುಚ್ಚಿಹಾಕಲು ಹೋಗಲಿಲ್ಲ. 2001ರಿಂದ ಈಚೆಗೆ ಅಲರ್ಜಿಯ ಸಂಶೋಧನೆ ಮತ್ತು ತಿಳಿವಳಿಕೆಗೆ 3 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿದ್ದಾರೆ. ಸ್ವಾರ್ಥ ಇಲ್ಲವೇ ಎಂದು ಕೇಳಬಹುದು. ಇದೆ. ಇರಲಿ ಬಿಡಿ, ಕೆಲಸವಂತೂ ಆಯಿತು.

ಆ ಹೊತ್ತಿನಲ್ಲಿ ಲಂಡನ್ನಿನ ಡಾ. ಗಿಡಿಯನ್ ಲ್ಯಾಕ್ ಒಂದು ವಿಚಿತ್ರ ಗಮನಿಸಿದ್ದರು. ಎಳೆಯ ವಯಸ್ಸಿನಿಂದಲೇ ಕಡಲೇಕಾಯಿಯ ಕುರುಕಲು ತಿನ್ನುವ ಇಸ್ರೇಲಿನ ಮಕ್ಕಳಿಗಿಂತ, ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು. ಆಗ ವೈದ್ಯರು ಹೇಳುತ್ತಿದ್ದದ್ದೇ ‘ಮೂರು ವರ್ಷದವರೆಗೆ ಕೊಡಬೇಡಿ’ ಎಂದು. ಅಮೆರಿಕ ಸರ್ಕಾರದ ಹಣ, ಜೊತೆಗೆ ಪೋಷಕರ ಸಂಸ್ಥೆಯ ಹಣವೂ ಕೂಡಿ, ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳ ಮೇಲೆ ಅಧ್ಯಯನ ನಡೆಯಿತು. 2015ರಲ್ಲಿ ಫಲಿತಾಂಶ ಬಂತು: ಐದು ವರ್ಷವಾಗುವ ಹೊತ್ತಿಗೆ ಕಡಲೇಕಾಯಿ ದೂರವಿಟ್ಟ ಮಕ್ಕಳಲ್ಲಿ ನೂರಕ್ಕೆ 17 ಮಂದಿಗೆ ಅಲರ್ಜಿ, ತಿಂದ ಮಕ್ಕಳಲ್ಲಿ ನೂರಕ್ಕೆ 3. ವೈದ್ಯರ ಸಲಹೆಯೇ ತಿರುಗಿಬಿತ್ತು. ನಮ್ಮ ಅಜ್ಜಿಯರು ಪಕ್ಕದಲ್ಲಿದ್ದರೆ ನಕ್ಕಿರುತ್ತಿದ್ದರು. ಆದರೆ ಕೂಸಿಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕೀತು. ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಬೇಕು. ಒಮ್ಮೆ ಊದಿಕೊಂಡ ಮಗುವಿಗಾಗಲಿ, ತೀವ್ರ ಇಸಬು ಇರುವ ಮಗುವಿಗಾಗಲಿ ವೈದ್ಯರನ್ನು ಕೇಳದೆ ಕೊಡುವಂತಿಲ್ಲ.

ಇಲ್ಲಿ ನಾವೇನು ಮಾಡಬಹುದು? ಚಂದಾ ಎತ್ತುವುದು ನಮಗೆ ಹೊಸದಲ್ಲ. ಜಾತ್ರೆ, ತೇರು, ಭಜನೆ ಮನೆ ಎಲ್ಲ ಚಂದಾದಿಂದಲೇ. ಅನಂತಪುರದ ಆರ್.ಡಿ.ಟಿ. ಸಂಸ್ಥೆ ಬಡವರ ಮನೆಗಳಲ್ಲೇ ಹುಂಡಿ ಇಡಿಸಿ, ಇನ್ನೂ ಬಡವರಿಗೆಂದು ಚಿಲ್ಲರೆ ಕೂಡಿಸಿದ್ದನ್ನು ನಮ್ಮ ಹಲವು ಹಳ್ಳಿಗಳು ಕಂಡಿವೆ. ಕದಿರಿಯ ಸಂಶೋಧನಾ ಕೇಂದ್ರ ಗಿಡವನ್ನು ನೋಡಿಕೊಳ್ಳುತ್ತದೆ, ‘ಕದಿರಿ ಲೇಪಾಕ್ಷಿ’ಯಂಥ ತಳಿ ಕೊಡುತ್ತದೆ, ತಿನ್ನುವವರ ಮೈಯ ಲೆಕ್ಕವೂ ಯಾರಾದರೂ ಇಡಬೇಕಲ್ಲ. ಲಂಡನ್ನಿಗೆ ಹಣ ಕಳಿಸಬೇಕು ಎಂದು ನಾನು ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಹುಂಡಿಯ ಕಾಸು ಒಂದು ದಪ್ಪ ನೋಟುಪುಸ್ತಕಕ್ಕೆ. ಊರಿನಲ್ಲಿ ಯಾರಿಗೆ, ಏನು ತಿಂದ ಎಷ್ಟು ಹೊತ್ತಿಗೆ, ಏನಾಯಿತು ಎಂದು ಆಶಾ ಕಾರ್ಯಕರ್ತೆಯ ಜೊತೆ ಕೂತು, ಆ ಮನೆಯವರು ಒಪ್ಪಿದರೆ, ಬರೆದಿಡುವುದು. ಮೈಸೂರಿನವರು ಮಾಡಿದ್ದೂ ಜನರನ್ನು ಕೇಳುವುದರಿಂದಲೇ ಶುರುವಾದ ಕೆಲಸ.

ಎರಡನೆಯದು, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಇದೆಯೇ ಎಂದು ವಿಚಾರಿಸಿ. ದುಬಾರಿ ಮದ್ದಲ್ಲ, ಹಳೆಯ ಮದ್ದು. ಊಟವಾದ ಕೂಡಲೇ ಯಾರಿಗಾದರೂ ದದ್ದಿನ ಜೊತೆ ಉಸಿರಾಟ ಕಷ್ಟವಾದರೆ, ತಲೆ ಸುತ್ತಿ ಬಿದ್ದರೆ, ಅಲರ್ಜಿಯ ಮಾತ್ರೆ ಕೊಟ್ಟು ಕಾಯುತ್ತ ಕೂರಬೇಡಿ. ಆ ಮಾತ್ರೆ ಉಸಿರನ್ನು ಉಳಿಸದು. ಮಲಗಿಸಿ ಕಾಲು ಎತ್ತರಿಸಿ, ಉಸಿರು ಸಿಗದಿದ್ದರೆ ಒರಗಿಸಿ ಕೂರಿಸಿ, ಎದ್ದು ನಡೆಯಲು ಬಿಡಬೇಡಿ, 108ಕ್ಕೆ ಫೋನ್ ಮಾಡಿ. ಅಡ್ರಿನಲಿನ್ ಚುಚ್ಚುವುದು ತೊಡೆಯ ಹೊರಭಾಗದ ಸ್ನಾಯುವಿಗೆ. ಹೊರಡುವಾಗ, ತಿಂದ ತಿಂಡಿಯ ಪೊಟ್ಟಣವಿದ್ದರೆ ಜೊತೆಗೆ ಒಯ್ಯಿರಿ. ಅದರಲ್ಲಿ ಕಡಲೇಕಾಯಿ, ಹಾಲು, ಸೋಯಾ ಇದ್ದರೆ ಬೇರೆಯಾಗಿ ಅಚ್ಚು ಹಾಕಲೇಬೇಕೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ.