ಬೋಲ್ಟ್ ಸಡಿಲಿಸಿದರೆ ಸಾಲು ಬದಲು

ಎತ್ತಿನ ಕೂರಿಗೆಯ ದಿಂಡಿಗೆ ಬಡಿಗ ಒಮ್ಮೆ ತಾಳು ಕೂರಿಸಿದನೆಂದರೆ ಮುಗಿಯಿತು. ಬೇರೆ ಅಂತರದ ಬೆಳೆಗೆ ಬೇರೆ ಕೂರಿಗೆಯೇ ಬೇಕು.

ಹುಬ್ಬಳ್ಳಿ–ಧಾರವಾಡ ಸುತ್ತಿನ ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್ ಕೂರಿಗೆ ಈ ತಾಪತ್ರಯ ತಪ್ಪಿಸಿದೆ. ಬೋಲ್ಟ್ ಸಡಿಲಿಸಿ ತಾಳುಗಳನ್ನು ಚೌಕಟ್ಟಿನ ಮೇಲೆ ಸರಿಸಿದರಾಯಿತು: ಕಡಲೆಗೆ 30, ಹಿಂಗಾರಿ ಜೋಳಕ್ಕೆ 45, ಗೋವಿನಜೋಳಕ್ಕೆ 60 ಸೆಂ.ಮೀ. ಆದರೆ ಅಳತೆ ಹಿಡಿಯಬೇಕಾದದ್ದು ತುದಿಯಿಂದಲ್ಲ, ಟ್ರ್ಯಾಕ್ಟರಿಗೆ ಜೋಡಿಸುವ ಕೊಂಡಿಯ ನಟ್ಟನಡುವಿನಿಂದ. ಎಡ-ಬಲ ಸಮನಾಗದಿದ್ದರೆ ಕೂರಿಗೆ ಒಂದು ಮಗ್ಗುಲಿಗೆ ಎಳೆಯುತ್ತದೆ, ಸಾಲು ಸೊಟ್ಟಾಗುತ್ತದೆ. ಮುಂದೆ ಎಡೆ ಹೊಡೆಯುವಾಗ ಕುಂಟೆ ಕಸದ ಬದಲು ಬೆಳೆಯನ್ನೇ ಕೊಯ್ದೀತು!

ಇಂಥ ಬಿತ್ತನೆ ಕೂರಿಗೆಗಳಿಂದಲೇ ಹೆಸರಾದವರು, ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ. ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು.