ಮಾವನ ಗಾಳದ ಪೆಟ್ಟಿಗೆ: ಯಾವುದು ಇರಲಿ, ಯಾವುದು ಹೋಗಲಿ?

ಗಾಳ ಹಾಕೋರ ಮನೆಯಲ್ಲಿ ಹಿಡಿದ ಮೀನಿಗಿಂತ ಕೊಂಡ ಗಾಳವೇ ಜಾಸ್ತಿ ಇರುತ್ತೆ. ಇದು ಯಾಕೆ ಹೀಗೆ, ಆ ರಾಶಿಯನ್ನ ಹೇಗೆ ಕಮ್ಮಿ ಮಾಡೋದು ಅನ್ನೋದೇ ಈ ಲೇಖನ. ಮೊದಲಿಗೆ ಒಂದು ಪದ ಗೊತ್ತಿರಬೇಕು. ಎರೆಹುಳು, ಹಿಟ್ಟಿನ ಉಂಡೆ ಸಿಕ್ಕಿಸಿ ಗಾಳ ಹಾಕೋದು ನಾವೆಲ್ಲ ನೋಡಿರ್ತೀವಿ. ಅದರ ಬದಲು ಮರ, ಪ್ಲಾಸ್ಟಿಕ್, ರಬ್ಬರ್ ಅಥವಾ ತಗಡಿನಿಂದ ಮಾಡಿದ ನಕಲಿ ಮೀನನ್ನೋ ಕಪ್ಪೆಯನ್ನೋ ದಾರಕ್ಕೆ ಕಟ್ಟಿ ನೀರಲ್ಲಿ ಎಳೆದರೆ ದೊಡ್ಡ ಮೀನು ಅದನ್ನ ಬೇಟೆ ಅಂತ ತಿಳಿದು ಹಿಡಿಯುತ್ತೆ. ಈ ನಕಲಿ ಆಹಾರಕ್ಕೆ ಲೂರ್ ಅಂತಾರೆ.

ಕೊಟ್ಟೂರಿನ ನಮ್ಮ ಸೋದರಮಾವನ ಹತ್ರ ಇಂಥ ಲೂರ್‌ಗಳು 186 ಇದ್ದವು. ಎಣಿಸಿದ್ದು ನಾವೇ, ಅಂದ್ರೆ ಅವರ ಇಬ್ಬರು ಅಳಿಯಂದಿರು. ಒಬ್ಬ ಮೆಕ್ಯಾನಿಕಲ್, ಒಬ್ಬ ಸಿವಿಲ್, ಇಬ್ಬರೂ ಎರಡನೇ ವರ್ಷ. ಲೂರ್ ಅಲ್ಲದೆ ಆರು ರೀಲು, ಎಷ್ಟೋ ಉಂಡೆ ನೈಲಾನ್ ದಾರ, ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಸೀಸದ ಗುಂಡು, ಬಿಸ್ಕತ್ತಿನ ಡಬ್ಬಿಗಳಲ್ಲಿ ಬಿಡಿ ಗಾಳಗಳು. ಮಾವನ ಮೊಮ್ಮಗಳು ಈಗಷ್ಟೇ ಗೋಡೆ ಹಿಡ್ಕೊಂಡು ನಡೆಯೋಕೆ ಶುರು ಮಾಡಿದ್ದಾಳೆ. ಸಿಕ್ಕಿದ್ದೆಲ್ಲ ಸೀದಾ ಬಾಯಿಗೆ. ಮೇಲಾಗಿ ಕೊಟ್ಟೂರೇಶ್ವರನ ತೇರು ಹತ್ರ ಬರ್ತಿತ್ತು. ಅತ್ತಿ ಖಡಕ್ಕಾಗಿ ಹೇಳಿದ್ರು: "ತೇರಿಗೆ ಬೀಗರು ಬರೋದ್ರೊಳಗ ಇವೆಲ್ಲ ಒಂದ ಪೆಟ್ಟಿಗಿಯೊಳಗ ಹಿಡೀಬೇಕು ನೋಡ್ರಪಾ. ಹಿಡೀಲಿಲ್ಲ ಅಂದ್ರ ಗುಜರಿಯವನಿಗೆ ಕರೀತೀನಿ." ಸೆಮಿಸ್ಟರ್ ರಜೆ ಇತ್ತು, ಹಾಗಾಗಿ ಕೆಲಸ ನಮ್ಮ ಕೊರಳಿಗೆ ಬಿತ್ತು.

ರಾಶಿ ಬೆಳೆಯೋದು ಹೇಗೆ ಅಂತ ಮಾವನೇ ಹೇಳಿದ್ರು. ಒಂದು ಲೂರ್ ನೂರೈವತ್ತು, ಇನ್ನೂರು ರೂಪಾಯಿ. ಅಷ್ಟೇ ಅಲ್ವಾ ಅನ್ಸುತ್ತೆ. ಆನ್‌ಲೈನ್‌ನಲ್ಲಿ ಐದರ ಸೆಟ್ ತಗೊಂಡ್ರೆ ಅಗ್ಗ. ಒಂದು ಸಲ ಒಂದು ಬಣ್ಣಕ್ಕೆ ಮೀನು ಬಿತ್ತು ಅಂದ್ರೆ, ಅದು ಕಳೆದು ಹೋದ್ರೆ ಏನು ಗತಿ ಅಂತ ಅದೇ ಬಣ್ಣದ್ದು ಇನ್ನೆರಡು. ಮೀನು ಬೀಳಲಿಲ್ಲ ಅಂದ್ರೆ ಬೇರೆ ಬಣ್ಣದ್ದು ನಾಲ್ಕು. ಮೀನು ಸಿಕ್ಕರೂ ಖರ್ಚು, ಸಿಗದಿದ್ದರೂ ಖರ್ಚು!

ಇನ್ನು ವಿಂಗಡಿಸೋ ಕ್ರಮ. ಇಂಟರ್‌ನೆಟ್‌ನಲ್ಲಿ ಸಿಗೋ ಸಲಹೆ ಎಲ್ಲ ಬಣ್ಣ, ಕಂಪನಿ, ಬೆಲೆ ಮೇಲೆ ನಿಂತಿರುತ್ತೆ. ನಮಗೆ ಅದು ಸರಿ ಅನ್ಸಲಿಲ್ಲ. ನಮ್ಮ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: ನೀವು ಗಾಳ ಹಾಕೋ ನೀರು ಯಾವುದು? ಲೂರ್ ಅನ್ನೋದು ಒಂದು ನಿರ್ದಿಷ್ಟ ನೀರಿಗೆ ಮಾಡಿದ ಯಂತ್ರ. ಜಗತ್ತಿಗೆಲ್ಲ ಗೊತ್ತಿರೋ ರಪಾಲಾ ಲೂರನ್ನ 1936ರಲ್ಲಿ ಫಿನ್ಲೆಂಡಿನ ಲೌರಿ ರಪಾಲಾ ಅನ್ನೋ ಮೀನುಗಾರ ಬೆಂಡನ್ನ ಚಾಕುವಿನಿಂದ ಕೆತ್ತಿ ಮಾಡಿದ. ಗಾಯಗೊಂಡ ಸಣ್ಣ ಮೀನು ಓಲಾಡಿಕೊಂಡು ಈಜೋದನ್ನ ನೋಡಿ, ಅದೇ ಓಲಾಟ ಬರೋ ಹಾಗೆ ಕೆತ್ತಿದ್ದ. ಅವನ ಕಣ್ಣ ಮುಂದೆ ಇದ್ದದ್ದು ಅಲ್ಲಿನ ತಣ್ಣನೆಯ ಸರೋವರ, ಅಲ್ಲಿನ ಮೀನು. ಕೊಟ್ಟೂರು ಕೆರೆ ಅಲ್ಲ.

ಮಾವ ಹೋಗೋದು ಎರಡೇ ಥರದ ನೀರಿಗೆ. ಒಂದು, ಸುತ್ತಮುತ್ತಲಿನ ಕೆರೆಗಳು. ಇನ್ನೊಂದು, ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರಾ ಹಿನ್ನೀರು. ಎರಡರಲ್ಲೂ ನೀರು ಕೆಂಪು-ಕಂದು, ದಡದ ಹತ್ರ ಆಳ ಕಮ್ಮಿ, ಹುಲ್ಲು ಜೊಂಡು ಜಾಸ್ತಿ. ಹಿನ್ನೀರಿನ ಅಡಿಯಲ್ಲಿ ಮುಳುಗಿ ಹೋದ ಗಿಡಗಳ ಬೊಡ್ಡೆ, ಕಲ್ಲು ಬೇರೆ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಆಗ ಸುಮಾರು 133 ಟಿಎಂಸಿ ಹಿಡೀತಿದ್ದ ಜಲಾಶಯ ಈಗ 105.79 ಟಿಎಂಸಿ ಹಿಡಿಯುತ್ತೆ. ಉಳಿದ ಜಾಗ ಹೂಳಿನ ಪಾಲು. ಹೂಳು ಅಂದ್ರೆ ರೈತರಿಗೆ ನೀರಿನ ಲೆಕ್ಕ, ಗಾಳದವರಿಗೆ ಆಳದ ಲೆಕ್ಕ.

ಈ ಪ್ರಶ್ನೆ ಇಟ್ಕೊಂಡು ಕೂತ್ರೆ ಅರ್ಧ ಕೆಲಸ ತಾನಾಗೇ ಮುಗಿಯುತ್ತೆ. ನಮ್ಮ ಕೆರೆಗಳಲ್ಲಿ ಮರಿ ಬಿಟ್ಟು ಸಾಕೋ ಕಾಟ್ಲಾ, ರೋಹು, ಮೃಗಾಲ್ ಯಾವುವೂ ಬೇಟೆಗಾರ ಮೀನುಗಳಲ್ಲ. ಕಾಟ್ಲಾ ಮೇಲ್ಮಟ್ಟದ ಸೂಕ್ಷ್ಮಜೀವಿ ತಿನ್ನುತ್ತೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ ಮೇಯುತ್ತೆ. ಇವಕ್ಕೆ ಶೇಂಗಾ ಹಿಂಡಿ ಬೆರೆಸಿದ ಹಿಟ್ಟಿನ ಉಂಡೆ ಸಾಕು, ಒಂದು ಸಾದಾ ಗಾಳ, ಒಂದು ಬೆಂಡು ಸಾಕು. ಲೂರಿನ ಹಿಂದೆ ಓಡಿ ಬರೋದು ಕೊರವ ಮೀನು, ಬಾಳೆ ಮೀನು ಥರದವು ಮಾತ್ರ. "ಕಾರ್ಪ್ ಸ್ಪೆಷಲ್" ಅಂತ ಡಬ್ಬಿ ಮೇಲೆ ಬರೆದಿದ್ದ ಹನ್ನೊಂದು ಬಣ್ಣಬಣ್ಣದ ಪುಟ್ಟ ಮೀನುಗಳು ಹಾಗಾಗಿ ಮೊದಲ ಸುತ್ತಿನಲ್ಲೇ ಔಟ್.

ಎರಡನೇ ಸುತ್ತು ಆಳದ್ದು. ಪ್ಲಾಸ್ಟಿಕ್ ಮೀನಿನ ಮೂತಿಯ ಕೆಳಗೆ ಒಂದು ಪಾರದರ್ಶಕ ನಾಲಿಗೆ ಇರುತ್ತೆ, ನೋಡಿದ್ದೀರಾ? ಎಳೆದಾಗ ಎದುರಿನ ನೀರು ಅದರ ಮೇಲೆ ಒತ್ತಿ ಮೂತಿಯನ್ನ ಕೆಳಗೆ ತಳ್ಳುತ್ತೆ. ನಾಲಿಗೆ ಉದ್ದ ಇದ್ದು, ಮೈಗೆ ನೇರವಾಗಿ ಮುಂದಕ್ಕೆ ಚಾಚಿದ್ರೆ ಲೂರ್ ಆಳಕ್ಕೆ ಹೋಗುತ್ತೆ. ಗಿಡ್ಡ ಇದ್ದು, ಲಂಬವಾಗಿ ಕೆಳಗಿಳಿದಿದ್ರೆ ಮೇಲೆ ಮೇಲೆ ಓಡುತ್ತೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ತೂಕಡಿಸ್ತಿದ್ದ ನಮಗೆ ಇದು ಹಾಲಿನಲ್ಲಿ ಕೂತು ಅರ್ಥ ಆಯ್ತು. ನಾಲ್ಕು ಅಡಿ ನೀರು, ಅದರಡಿಯಲ್ಲಿ ಬೊಡ್ಡೆ ಇರೋ ಕಡೆ ಹತ್ತು ಅಡಿ ಇಳಿಯೋ ಲೂರ್ ಎಸೆದರೆ ಏನಾಗುತ್ತೆ? ಎರಡನೇ ಎಸೆತಕ್ಕೇ ಸಿಕ್ಕಿಕೊಳ್ಳುತ್ತೆ, ದಾರ ಕಡಿಯುತ್ತೆ, ಮೂರು ಮುಳ್ಳಿನ ಗಾಳ ನೀರಲ್ಲೇ ಉಳಿಯುತ್ತೆ. ಉದ್ದ ನಾಲಿಗೆಯವು 40ಕ್ಕೂ ಹೆಚ್ಚು ಇದ್ದವು. ಎಲ್ಲ ಪಕ್ಕಕ್ಕೆ.

ಉಳಿದವನ್ನ ಬಕೆಟ್ ಪರೀಕ್ಷೆಗೆ ಹಾಕಿದ್ವಿ. ಬಕೆಟ್ ತುಂಬ ನೀರು, ಒಂದೊಂದಾಗಿ ಬಿಡೋದು. ತೇಲೋದು, ಮುಳುಗೋದು, ಮಧ್ಯದಲ್ಲೇ ನಿಲ್ಲೋದು ಅಂತ ಮೂರು ಗುಂಪು. ಬೊಡ್ಡೆ ಇರೋ ನೀರಿಗೆ ತೇಲೋವೇ ಒಳ್ಳೇದು. ಸಿಕ್ಕಿಕೊಂಡ ಹಾಗೆ ಅನ್ಸಿದ್ರೆ ದಾರ ಸಡಿಲ ಬಿಟ್ರೆ ಎಷ್ಟೋ ಸಲ ತಾನಾಗೇ ಹಿಂದಕ್ಕೆ ಮೇಲೇಳುತ್ತೆ. ತೇಲಬೇಕಾಗಿದ್ದ ಐದು ಮುಳುಗಿದವು. ಒಡೆದು ಒಳಗೆ ನೀರು ಹೊಕ್ಕಿತ್ತು, ಅಲ್ಲಾಡಿಸಿದ್ರೆ ಗುಳುಗುಳು ಸದ್ದು.

ಈ ನೀರಿಗೆ ನಿಜವಾಗಿ ಹೊಂದೋದು ಎರಡು ಜಾತಿ. ಒಂದು ಸ್ಪಿನ್ನರ್. ತಗಡಿನ ಎಲೆ ಕಡ್ಡಿ ಸುತ್ತ ತಿರುಗುತ್ತಾ ನೀರನ್ನ ಅದುರಿಸುತ್ತೆ. ಮೀನಿನ ಮೈ ಪಕ್ಕದಲ್ಲಿ ಉದ್ದಕ್ಕೂ ಅದುರುವಿಕೆ ಗುರುತಿಸೋ ಒಂದು ಗೆರೆ ಇರುತ್ತೆ. ಹಾಗಾಗಿ ಕೆಂಪು ನೀರಲ್ಲಿ ಕಣ್ಣಿಗೆ ಕಾಣದಿದ್ರೂ ಬೇಟೆ ಎಲ್ಲಿದೆ ಅಂತ ಅದಕ್ಕೆ ತಿಳಿಯುತ್ತೆ. ಇನ್ನೊಂದು ಟೊಳ್ಳು ರಬ್ಬರ್ ಕಪ್ಪೆ. ಇದರ ಎರಡೂ ಮುಳ್ಳು ಮೇಲ್ಮುಖವಾಗಿ ಬೆನ್ನಿಗೆ ಅಂಟಿಕೊಂಡಿರ್ತಾವೆ, ಜೊಂಡಿನ ಮೇಲೆ ಎಳೆದ್ರೂ ಸಿಕ್ಕಿಕೊಳ್ಳಲ್ಲ. ಮೀನು ಕಚ್ಚಿದಾಗ ಮಾತ್ರ ರಬ್ಬರ್ ಅದುಮಿ ಮುಳ್ಳು ಹೊರಬರುತ್ತೆ. ಕೊರವ ಗಾಳಿ ಕುಡಿಯೋಕೆ ಆಗಾಗ ಮೇಲೆ ಬರೋ ಮೀನು, ಜೊಂಡಿನಲ್ಲೇ ಅದರ ಮನೆ. ಅದಕ್ಕೆ ಈ ಕಪ್ಪೆ ಸರಿ. ಆದ್ರೆ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ಕೊರವ ಮರಿ ಮಾಡಿ, ಕೆಂಪು ಮರಿಗಳ ಹಿಂಡನ್ನ ಕೆಳಗಿಂದ ಕಾಯುತ್ತೆ. ಆ ಹಿಂಡಿನ ಮೇಲೆ ಕಪ್ಪೆ ಎಸೆದರೆ ಕಾಯೋ ಮೀನು ಸಿಟ್ಟಿಗೆ ಹಿಡಿಯುತ್ತೆ. ಕೆಲವರು ಇದನ್ನ ಜಾಣತನ ಅಂತಾರೆ. ಒಂದು ಮೀನಿಗಾಗಿ ಇಡೀ ಹಿಂಡನ್ನ ಅನಾಥ ಮಾಡೋದು ಜಾಣತನ ಅಲ್ಲ ಅನ್ನೋದು ಮಾವನ ಪಾಲಿಸಿ, ನಮ್ಮದೂ ಅದೇ.

ಇಷ್ಟಾದ ಮೇಲೆ ಉಳಿದದ್ದರ ಆರೋಗ್ಯ ತಪಾಸಣೆ. ಗಾಳದ ಮೊನೆಯನ್ನ ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಎಳೀರಿ. ಹಿಡಿದುಕೊಂಡ್ರೆ ಚೂಪಾಗಿದೆ, ಜಾರಿದ್ರೆ ಮೊಂಡು. ಮೆತ್ತನೆ ಪ್ಲಾಸ್ಟಿಕ್ ಹುಳುಗಳನ್ನ ಗಟ್ಟಿ ಪ್ಲಾಸ್ಟಿಕ್ ಮೀನುಗಳ ಜೊತೆ ಇಡಬೇಡಿ. ಮೆತ್ತಗಿರಲಿ ಅಂತ ಅವಕ್ಕೆ ಸೇರಿಸಿದ ಎಣ್ಣೆಯಂಥ ರಾಸಾಯನಿಕ ಹೊರಗೆ ಒಸರಿ ಪಕ್ಕದ್ದನ್ನ ಕರಗಿಸುತ್ತೆ. ಮಾವನ ಒಂದು ಡಬ್ಬಿಯಲ್ಲಿ ಹೀಗೆ ಏಳು ಲೂರ್ ಸೇರಿ ಒಂದೇ ಮುದ್ದೆ ಆಗಿತ್ತು, ಮಾಡರ್ನ್ ಆರ್ಟ್ ಥರ. ನೈಲಾನ್ ದಾರಕ್ಕೆ ಬಿಸಿಲೇ ಶತ್ರು. ಲಗೇಜ್ ತೂಗೋ ಕೈ ತಕ್ಕಡಿಗೆ ಒಂದು ಮೀಟರ್ ಕಟ್ಟಿ ಎಳೆದ್ವಿ. 8 ಕೆಜಿ ಅಂತ ಬರೆದಿದ್ದ ದಾರ 3 ಕೆಜಿಗೇ ಪಟ್ ಅಂತು. ಕಿಟಕಿ ಪಕ್ಕ ಇಟ್ಟಿದ್ದ ಉಂಡೆ ಅದು.

ಸೀಸದ ಗುಂಡಿನ ವಿಷಯ ತಮಾಷೆ ಅಲ್ಲ. ದಾರಕ್ಕೆ ಕೂರಿಸೋಕೆ ಹಲ್ಲಿನಲ್ಲಿ ಕಚ್ಚೋ ಅಭ್ಯಾಸ ಎಷ್ಟೋ ಜನಕ್ಕೆ ಇದೆ. ಸೀಸ ಮೈಗೆ ಸೇರಿದ್ರೆ ಮಿದುಳಿಗೆ ಹಾನಿ, ಮಕ್ಕಳಿಗಂತೂ ಸ್ವಲ್ಪವೂ ಸುರಕ್ಷಿತ ಅಲ್ಲ. ಬ್ರಿಟನ್ನಿನಲ್ಲಿ ಹಂಸಗಳು ಇಂಥ ಗುಂಡು ನುಂಗಿ ಸಾಯ್ತಿವೆ ಅಂತ 1987ರಲ್ಲಿ ಸಣ್ಣ ಸೀಸದ ಗುಂಡುಗಳ ಬಳಕೆಯನ್ನೇ ನಿಲ್ಲಿಸಿದ್ರು. ಹಾರ್ಲಿಕ್ಸ್ ಬಾಟಲಿಯನ್ನ ಮುಚ್ಚಳ ಬಿಗಿದು ಮನೆಯಿಂದಲೇ ಹೊರಗೆ ಹಾಕಿದ್ವಿ, ಹಳೇ ಬ್ಯಾಟರಿ ತಗೊಳ್ಳೋರ ಹತ್ರ ಹೋಯ್ತು. ಅದರ ಜಾಗಕ್ಕೆ ಈಗ ಕಬ್ಬಿಣದ ನಟ್ಟುಗಳು. ಮೀನಿಗೇನು ವ್ಯತ್ಯಾಸ ಗೊತ್ತಾಗುತ್ತೆ?

ಬೇಡವಾದದ್ದನ್ನ ಎಲ್ಲಿ ಹಾಕೋದು ಅನ್ನೋದೇ ನಿಜವಾದ ಕಷ್ಟ. ಚರಂಡಿಗೋ ಕೆರೆ ದಡಕ್ಕೋ ಎಸೆಯೋ ಹಾಗಿಲ್ಲ. ನೈಲಾನ್ ದಾರ ಎಷ್ಟೋ ವರ್ಷ ಕೊಳೆಯಲ್ಲ, ಹಕ್ಕಿಗಳ ಕಾಲಿಗೆ ರೆಕ್ಕೆಗೆ ಸುತ್ತಿಕೊಳ್ಳುತ್ತೆ. ನಮ್ಮ ಪಕ್ಕದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ ಅಂಕಸಮುದ್ರ ಇದೆ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಪಕ್ಷಿಧಾಮ. 200ಕ್ಕೂ ಹೆಚ್ಚು ಜಾತಿ ಹಕ್ಕಿ ಅಲ್ಲಿವೆ. ಅವು ಮೇಯೋಕೆ ಸುತ್ತಲಿನ ಕೆರೆಗಳಿಗೂ ಹಾರ್ತಾವೆ, ಪಕ್ಷಿಧಾಮದ ಬೋರ್ಡು ನೋಡಿಕೊಂಡು ಒಳಗೇ ಇರಲ್ಲ. ಇನ್ನು ತೇರಿಗೆ ದೂರದೂರದಿಂದ ಪಾದಯಾತ್ರೆ ಬರೋರು ಬರಿಗಾಲಲ್ಲಿ ನಡೀತಾರೆ, ದಡದಲ್ಲಿ ಬಿದ್ದ ಒಂದು ಗಾಳ ಸಾಕು. ಅದಕ್ಕೆ ದಾರವನ್ನೆಲ್ಲ ಬೆರಳುದ್ದ ತುಂಡು ಮಾಡಿದ್ವಿ, ಎರಡು ಸಂಜೆ ಬೇಕಾಯ್ತು. ತುಕ್ಕು ಹಿಡಿದ ಗಾಳಗಳನ್ನ ಪೆಟ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಒಳಗೆ ಏನಿದೆ ಅಂತ ಚೀಟಿ ಅಂಟಿಸಿ ಗುಜರಿಯವರಿಗೆ ಕೊಟ್ವಿ.

ಆಳಕ್ಕಿಳಿಯೋ ಒಳ್ಳೇ ಲೂರ್‌ಗಳು ಬೇರೆ ನೀರಿನವರಿಗೆ ಉಪಯೋಗ. ಆಳದ ಹೊಳೆಗಳಲ್ಲಿ ಗಾಳ ಹಾಕೋ ಮಾವನ ಗೆಳೆಯರೊಬ್ಬರು ಅರ್ಧ ಬೆಲೆಗೆ ತಗೊಂಡ್ರು. ಸಣ್ಣ ಸಾದಾ ಗಾಳಗಳು ಓಣಿಯ ಹುಡುಗರಿಗೆ ಹೋದವು, ಕೊಡೋ ಮುಂಚೆ ಮೊನೆ ಹಿಂದಿನ ಮರುಮುಳ್ಳನ್ನ ಇಕ್ಕಳದಿಂದ ಅದುಮಿ ಮಟ್ಟ ಮಾಡಿದ್ವಿ. ಕೈಗೆ ಚುಚ್ಚಿಕೊಂಡ್ರೂ ಸಲೀಸಾಗಿ ಹೊರಗೆ ಬರುತ್ತೆ. ಜೊತೆಗೆ ಒಂದು ಮಾತು ಹೇಳಿ ಕಳಿಸಿದ್ವಿ: ಕೆರೆಗಳನ್ನ ಸಾಮಾನ್ಯವಾಗಿ ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರ್ತಾರೆ, ಮರಿ ಬಿಟ್ಟೋರು ಅವರು. ಕೇಳಿಯೇ ಗಾಳ ಹಾಕಬೇಕು.

ಪೆಟ್ಟಿಗೆಯಲ್ಲಿ ಉಳಿದದ್ದು 22 ಲೂರ್, ಎರಡು ರೀಲು. 21 ಲೆಕ್ಕದ ಪ್ರಕಾರ. ಇನ್ನೊಂದು ಯಾವ ಲೆಕ್ಕಕ್ಕೂ ಸಿಗದ, ಬಣ್ಣ ಪೂರ್ತಿ ಹೋದ ತಗಡಿನ ಚಮಚ. ಗಾಳವೇ ಇಲ್ಲ ಅದಕ್ಕೆ. ಮಾವ ಕೈಯಿಂದ ಬಿಡಲಿಲ್ಲ, ನಾವೂ ಕೇಳಲಿಲ್ಲ. ಬೆಂಡುಗಳ ಡಬ್ಬಿಯನ್ನ ಮಾತ್ರ ಪೂರ್ತಿ ಖಾಲಿ ಮಾಡಿಸಿದ್ರು. ಜೋಳದ ದಂಟು ಸಿಪ್ಪೆ ಸುಲಿದ್ರೆ ಒಳಗೆ ಬೇಕಾದಷ್ಟು ಬೆಂಡು ಇರುತ್ತೆ, ದುಡ್ಡು ಕೊಟ್ಟು ಯಾಕೆ ತರ್ಬೇಕು ಅಂತ ಅವರೇ ಕೇಳಿದ್ರು. ಪೆಟ್ಟಿಗೆಗೆ ಬೀಗ ಹಾಕಿ ಅಟ್ಟದ ಮೇಲಿಟ್ಟಿದೀವಿ, ಕೀಲಿಕೈ ಅತ್ತಿ ಹತ್ರ ಇದೆ.